ಪಿಗ್ಮಿಯವರ ಲೈನಿನಲ್ಲಿ ಐದು ದಿನ

ಜುಲೈ 22, ಮಂಗಳವಾರ

ಬೆಂಗಳೂರಿನಿಂದ ಕಾರವಾರದ ಕಡೆಗೆ ಹೋಗುವ ರಾತ್ರಿ ರೈಲು ಇಂದ್ರಾಳಿಯ ಉಡುಪಿ ನಿಲ್ದಾಣದಲ್ಲಿ ನನ್ನನ್ನು ಇಳಿಸಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ತುಳುನಾಡಿನ ಕಷ್ಟದ ಮಳೆ ತಿಂಗಳಾದ ಆಟಿ ಹುಟ್ಟಿ ಐದಾರು ದಿನಗಳಾಗಿದ್ದವು; ಮಳೆ ಒಂದೇ ಹದದಲ್ಲಿ, ನಿಲ್ಲುವ ಯಾವ ಆತುರವೂ ಇಲ್ಲದೆ, ಪ್ಲಾಟ್‌ಫಾರ್ಮಿನ ಶೀಟುಗಳ ಮೇಲೆ ಸುರಿಯುತ್ತಿತ್ತು. ಕಳೆದ ವರ್ಷ ಆಟಿ ಅಮಾವಾಸ್ಯೆಯ ಮರುದಿನ, 2024ರ ಆಗಸ್ಟ್ 5ರಂದು, ನಮ್ಮ ಅಪ್ಪಯ್ಯ ತೀರಿಕೊಂಡಿದ್ದರು. ತಿಥಿಯ ಲೆಕ್ಕದಲ್ಲಿ ಅವರ ವರ್ಷಾಂತಿಕ ಈ ಸಲ ಜುಲೈ 25ಕ್ಕೆ ಬಿದ್ದಿತ್ತು. ಮುಂಬೈಯಲ್ಲಿರುವ ಅಣ್ಣ 24ರ ಸಂಜೆಗೆ ಬರುವವನಿದ್ದ. ನಾನು ಮೂರು ದಿನ ಮೊದಲೇ ಹೊರಟದ್ದಕ್ಕೆ ಕಾರಣ ಅಮ್ಮನ ಒಂದು ಫೋನು: "ನೆಂಟರಿಗೆಲ್ಲ ಫೋನಿನಲ್ಲೇ ಹೇಳಿ ಆಯಿತು. ಅವರ ಲೈನಿನವರಿಗೆ ಮಾತ್ರ ಹೇಳಿಕೆ ಆಗಲಿಲ್ಲ. ಅದು ಹೋಗಿಯೇ ಹೇಳಬೇಕು ಮಗಾ. ನಲ್ವತ್ತು ವರ್ಷ ಅವರು ಆ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದದ್ದಲ್ಲವಾ."

ಅಪ್ಪಯ್ಯ ಪಿಗ್ಮಿ ಕಲೆಕ್ಟರ್ ಆಗಿದ್ದರು. ಕರಾವಳಿಯವರಿಗೆ ಇಷ್ಟು ಹೇಳಿದರೆ ಸಾಕು. ಘಟ್ಟದ ಮೇಲಿನ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು ಸೇರಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು, 8,000 ರೂಪಾಯಿ ಬಂಡವಾಳದಲ್ಲಿ ಇದೇ ಉಡುಪಿಯಲ್ಲಿ ಒಂದು ಬ್ಯಾಂಕನ್ನು ತೆರೆದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆಯಿತು. ಮೂರು ವರ್ಷಗಳ ನಂತರ, 1928ರಲ್ಲಿ, ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ದಿನಕ್ಕೆ ಎರಡಾಣೆ ಉಳಿಸಬಲ್ಲವನು ಬ್ಯಾಂಕಿನ ಮೆಟ್ಟಿಲು ಹತ್ತಲು ನಾಚುತ್ತಾನೆ, ಆದ್ದರಿಂದ ಬ್ಯಾಂಕೇ ಅವನ ಮನೆಗೂ ಅಂಗಡಿಗೂ ಹೋಗಲಿ ಎಂಬುದು ಅದರ ಹಿಂದಿನ ಯೋಚನೆ. ಹಾಗೆ ಹೋಗಿ ಹಣ ಪಡೆದು, ಕಾರ್ಡಿನಲ್ಲಿ ಬರೆದು ಸಹಿ ಹಾಕಿ, ಮರುದಿನ ಬೆಳಿಗ್ಗೆ ಬ್ಯಾಂಕಿಗೆ ಕಟ್ಟುವವನೇ ಪಿಗ್ಮಿ ಕಲೆಕ್ಟರ್; ಅವನು ದಿನವೂ ಸುತ್ತುವ ದಾರಿಯೇ ಅವನ ಲೈನು. ಬೇರೆ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಮುಂದೆ ಇದನ್ನು ಅನುಸರಿಸಿದವು. ಅಪ್ಪಯ್ಯ ಕೆಲಸಕ್ಕೆ ಸೇರಿದ್ದು 1978ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ. ಉಡುಪಿಯವರಾದ್ದರಿಂದ ಅವರು ಇಸವಿ ಹೇಳುತ್ತಿರಲಿಲ್ಲ. "ಶೀರೂರು ಮಠದ ಪರ್ಯಾಯದಲ್ಲಿ" ಎನ್ನುತ್ತಿದ್ದರು. ಕೃಷ್ಣನ ಪೂಜೆಯ ಸರದಿ ಎಂಟು ಮಠಗಳಿಗೆ ಎರಡೆರಡು ವರ್ಷದಂತೆ ಒಂದು ಸುತ್ತು ಮುಗಿಯಲು ಹದಿನಾರು ವರ್ಷ ಬೇಕು. ಅಂಥ ಎರಡೂವರೆ ಸುತ್ತುಗಳನ್ನು ಅವರು ಸೈಕಲ್ಲಿನ ಮೇಲೂ ಕಾಲ್ನಡಿಗೆಯಲ್ಲೂ ಪೂರೈಸಿ 2019ರಲ್ಲಿ ಚೀಲ ಕೆಳಗಿಟ್ಟರು.

ಕಿನ್ನಿಮುಲ್ಕಿಯ ಮನೆಯಲ್ಲಿ ಕಾಫಿ ಕುಡಿದಾದ ಮೇಲೆ ಅಮ್ಮ ಒಳಗಿನ ಕೋಣೆಯಿಂದ ತಗಡಿನ ಪೆಟ್ಟಿಗೆ ತಂದಿಟ್ಟರು. ಯಾರಿಗೆಲ್ಲ ಹೇಳಿಕೆ, ಎಂದರೆ ಆಹ್ವಾನ, ಕೊಡಬೇಕೆಂಬ ಪಟ್ಟಿ ಅದರೊಳಗಿನ ಪುಸ್ತಕದಲ್ಲಿ ಸಿಕ್ಕೀತೆಂದು ಅವರ ನಂಬಿಕೆ. ಪುಸ್ತಕವೇನೋ ಇತ್ತು, ಅಪ್ಪಯ್ಯನ ಮುತ್ತಿನಂಥ ಅಕ್ಷರಗಳೂ ಇದ್ದವು. ಆದರೆ ಪುಟದಿಂದ ಪುಟಕ್ಕೆ ಖಾತೆಯ ಸಂಖ್ಯೆಗಳ ಹೊರತು ಮತ್ತೇನೂ ಇರಲಿಲ್ಲ. ಒಂದೇ ಒಂದು ಹೆಸರಿಲ್ಲ, ಅಂಗಡಿಯ ಗುರುತಿಲ್ಲ. ನಾನು ಇಪ್ಪತ್ತು ವರ್ಷಗಳಿಂದ ಲೆಕ್ಕಪರಿಶೋಧನೆಯ ಕೆಲಸದಲ್ಲಿರುವವಳು. ಇಷ್ಟು ಅಚ್ಚುಕಟ್ಟಾಗಿದ್ದೂ ಹೊರಗಿನವನಿಗೆ ಇಷ್ಟು ನಿರುಪಯೋಗಿಯಾದ ಪುಸ್ತಕವನ್ನು ನಾನು ಕಂಡದ್ದಿಲ್ಲ.

ಪೆಟ್ಟಿಗೆಯ ತಳದಲ್ಲಿ ಹಳದಿಗಟ್ಟಿದ ಒಂದು ಪತ್ರಿಕೆಯ ತುಂಡಿತ್ತು. ಪಿಗ್ಮಿ ಸಂಗ್ರಾಹಕರೂ ಕೈಗಾರಿಕಾ ವಿವಾದಗಳ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರೇ, ಅವರು ಪಡೆಯುವ ಕಮಿಷನ್ ಕೂಡ ದುಡಿಮೆಗೆ ತಕ್ಕ ವೇತನವೇ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿದ ಸುದ್ದಿ ಅದು. ಸಂಬಳವಿಲ್ಲದೆ, ಸಂಗ್ರಹಿಸಿದ ಹಣದ ಮೇಲೆ ನೂರಕ್ಕೆ ಇಷ್ಟು ಎಂಬ ಕಮಿಷನ್ನಿನಲ್ಲಿ ಇಬ್ಬರು ಮಕ್ಕಳನ್ನು ಓದಿಸಿದ ಮನುಷ್ಯ, ಆ ತುಂಡನ್ನು ಕತ್ತರಿಸಿಟ್ಟುಕೊಂಡದ್ದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆ ದಿನ ಅವರು ಎಂದಿನಂತೆ ರಾತ್ರಿ ಎಂಟೂವರೆಗೆ ಮನೆಗೆ ಬಂದು, ಕಾಲು ತೊಳೆದು, ಊಟಕ್ಕೆ ಕೂತಿರಬೇಕು.

ಪುಸ್ತಕದಿಂದ ಕೆಲಸವಾಗಲಿಲ್ಲವಾದ್ದರಿಂದ, ಈಗ ಆ ಲೈನನ್ನು ನೋಡಿಕೊಳ್ಳುವ ಹುಡುಗನಿಗೆ ಫೋನು ಮಾಡಿದೆವು. ಸಂಜೆ ಅವನು ಸಿಟಿ ಬಸ್ ನಿಲ್ದಾಣದ ಬಳಿ ಸಿಕ್ಕಿದ. ಹೆಗಲಿಗೆ ಚೀಲ, ಕೈಯಲ್ಲಿ ರಸೀದಿ ಮುದ್ರಿಸುವ ಸಣ್ಣ ಯಂತ್ರ, ಯಂತ್ರಕ್ಕೆ ಮಳೆ ತಾಗದಂತೆ ಒಂದು ಪ್ಲಾಸ್ಟಿಕ್ ತೊಟ್ಟೆ. "ಅಕ್ಕ, ಅಂಗಡಿಯವರ ಹತ್ತಿರ ಮಾತ್ರ ನಾನು ನಿಲ್ಲುತ್ತೇನೆ. ನಾನು ನಿಂತಲ್ಲಿ ನೀವು ಹೇಳಿಕೆ ಕೊಡಿ. ಯಾರದ್ದು ಎಷ್ಟು ಎಂದು ಮಾತ್ರ ಕೇಳಬೇಡಿ" ಎಂದು ಮೊದಲೇ ಕರಾರು ಹಾಕಿದ. ಮನೆಯೊಳಗಿನ ಖಾತೆಗಳ ವಿಚಾರವೇನು ಎಂದು ಕೇಳಿದ್ದಕ್ಕೆ ನಕ್ಕು ಮುಂದೆ ನಡೆದ. ಅವನಿಗೆ ಕೆಲಸ ಕಲಿಸಿದವರು ಯಾರೆಂದು ಕೇಳಬೇಕಾಗಿರಲಿಲ್ಲ.

ರಥಬೀದಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಮಳೆಗಾಲದಲ್ಲಿ ರಥೋತ್ಸವವಿಲ್ಲ, ಉತ್ಥಾನ ದ್ವಾದಶಿಯವರೆಗೆ ತೇರುಗಳಿಗೆ ಬಿಡುವು. ಜನ ಕಡಿಮೆ, ವ್ಯಾಪಾರವೂ ಕಡಿಮೆ. ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳ ಮುಂದೆ ಕೈಮುಗಿದು, ಎಡಬದಿಯ ಅಂಗಡಿಗಳಿಂದ ಆರಂಭಿಸಿದೆವು: ಹಿತ್ತಾಳೆ ಪಾತ್ರೆ, ಪೂಜಾ ಸಾಮಗ್ರಿ, ಮಕ್ಕಳ ಆಟಿಕೆ, ಪಂಚಾಂಗ ಮತ್ತು ಪುಸ್ತಕ. ಪ್ರತಿ ಅಂಗಡಿಯಲ್ಲೂ ಒಂದೇ ಬಗೆಯ ಮಾತು ನಡೆಯಿತು. "ಪಿಗ್ಮಿಯವರ ಮಗಳು" ಎಂದೊಡನೆ ಕುಳ್ಳಿರಿಸುತ್ತಿದ್ದರು, ಅಪ್ಪಯ್ಯ ಬರುತ್ತಿದ್ದ ಸಮಯವನ್ನು ಹೇಳುತ್ತಿದ್ದರು ("ಇಲ್ಲಿಗೆ ಐದೂ ಹತ್ತಕ್ಕೆ", "ನಮ್ಮಲ್ಲಿಗೆ ಐದೂಕಾಲು"), ಆಮೇಲೆ ಹೇಳಲು ಏನೂ ಉಳಿಯದೆ ಮಳೆಯನ್ನು ನೋಡುತ್ತಿದ್ದರು. ನಲ್ವತ್ತು ವರ್ಷ ದಿನವೂ ಬಂದ ಮನುಷ್ಯನ ಬಗ್ಗೆ ಸಮಯವೊಂದನ್ನು ಬಿಟ್ಟರೆ ಅವರಿಗೆ ಹೇಳಲು ಇರಲಿಲ್ಲವೆಂಬುದು ಮೊದಮೊದಲು ನನಗೆ ನೋವಾಯಿತು.

ಹಿತ್ತಾಳೆ ಅಂಗಡಿಯ ಹಿರಿಯರು ಮಾತ್ರ ಒಂದು ಸಂಗತಿ ಹೇಳಿದರು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ಅಮಾನ್ಯವಾದವಷ್ಟೆ. ಅದರ ಮರುವಾರ ಯಾರೋ ಒಬ್ಬರು ಅಪ್ಪಯ್ಯನನ್ನು ಒಳಗೆ ಕರೆದು, ನೋಟಿನ ಕಟ್ಟೊಂದನ್ನು ಮೇಜಿನ ಮೇಲಿಟ್ಟು, ಅದನ್ನು ಹತ್ತಾರು ಕಾರ್ಡುಗಳಿಗೆ ಹಂಚಿ ಬರೆದುಬಿಡಿ ಎಂದರಂತೆ. ಅಪ್ಪಯ್ಯ ಕುಡಿಯಲು ನೀರು ಕೇಳಿದರು, ಕುಡಿದರು, ಲೋಟ ತೊಳೆದಿಟ್ಟರು, ಚೀಲದ ಜಿಪ್ ಎಳೆದುಕೊಂಡು ಪಕ್ಕದ ಅಂಗಡಿಗೆ ಹೋದರು. "ಮರುದಿನ ಅದೇ ಹೊತ್ತಿಗೆ ಮತ್ತೆ ಬಂದರು, ಏನೂ ಆಗದ ಹಾಗೆ." ಆ ಒಬ್ಬರು ಯಾರೆಂದು ನಾನು ಕೇಳಲಿಲ್ಲ. ಹಿರಿಯರು ಲೋಟ ತೊಳೆದಿಟ್ಟ ವಿವರವನ್ನೂ ಬಲ್ಲರು ಎಂಬುದು ಮಿತ್ರ ಸಮಾಜ ಹೋಟೆಲಿನಲ್ಲಿ ಕಾಫಿ ಕುಡಿಯುವಾಗಷ್ಟೇ ನನಗೆ ಹೊಳೆಯಿತು.

ಜುಲೈ 23, ಬುಧವಾರ

ಮಲ್ಪೆಗೆ ಹೊರಟೆವು. ಅಪ್ಪಯ್ಯನ ಬೆಳಗಿನ ಲೈನು ಅದೇ: ಕಲ್ಸಂಕ, ಆದಿ ಉಡುಪಿ, ಅಲ್ಲಿಂದ ಮಲ್ಪೆ ಬಂದರು. ಆರೇಳು ಕಿಲೋಮೀಟರ್ ದಾರಿಯನ್ನು ಅವರು ಎಷ್ಟೋ ವರ್ಷ ಸೈಕಲ್ಲಿನಲ್ಲೇ ತುಳಿದರು. ಆಮೇಲೆ ಹಳೆಯ ಮೊಪೆಡ್ ಒಂದು ಬಂತು. ಅದರ ಹಿಂದಿನ ಸೀಟಿನಲ್ಲಿ ಕೂರುವ ಭಾಗ್ಯ ನಮಗಿಬ್ಬರಿಗೂ ವರ್ಷಕ್ಕೊಮ್ಮೆ, ಶಾಲೆ ಆರಂಭವಾಗುವ ಮುಂಚಿನ ದಿನ, ಕೊಡೆ ಕೊಳ್ಳಲು ಪೇಟೆಗೆ ಹೋಗುವಾಗ ಮಾತ್ರ ಸಿಗುತ್ತಿತ್ತು.

ಮಕ್ಕಳಾಗಿದ್ದಾಗ ಮಲ್ಪೆ ನಮಗೆ ಮೂಗಿನ ಮೂಲಕ ಪರಿಚಯ. ರಾತ್ರಿ ಊಟವಾದ ಮೇಲೆ ಅಪ್ಪಯ್ಯ ಚಾವಡಿಯಲ್ಲಿ ಹಳೆಯ ಬೆಡ್‌ಶೀಟು ಹಾಸಿ ಚೀಲವನ್ನು ಸುರಿಯುತ್ತಿದ್ದರು. ನಾಣ್ಯಗಳನ್ನು ಹತ್ತತ್ತರ ಕಂಬಗಳಾಗಿ ನಿಲ್ಲಿಸುವುದು ಅಣ್ಣನ ಕೆಲಸ, ನೋಟುಗಳ ಮೂಲೆ ಬಿಡಿಸುವುದು ನನ್ನದು. ರಥಬೀದಿಯ ನೋಟುಗಳಿಗೆ ಕರ್ಪೂರದ್ದೋ ಊದುಬತ್ತಿಯದೋ ಒಂದು ಪರಿಮಳ. ಮಲ್ಪೆಯ ನೋಟುಗಳು ಬಂಗುಡೆ, ಬೂತಾಯಿಯ ವಾಸನೆ ಹೊತ್ತು ಮೆತ್ತಗಿರುತ್ತಿದ್ದವು. ಮಳೆಗಾಲದಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದುದರಿಂದ, ಅಮ್ಮ ಅವನ್ನು ಗೆರಸೆಯಲ್ಲಿ ಹರಡಿ ಬಚ್ಚಲ ಒಲೆಯ ಹತ್ತಿರ ಇಡುತ್ತಿದ್ದರು. ಮೀನು ಮನೆಯೊಳಗೆ ಬಾರದ ನಮ್ಮಂಥವರ ಮನೆಯಲ್ಲಿ, ಮೀನಿನ ವಾಸನೆಯ ಹಣ ಒಲೆಯ ಪಕ್ಕ ರಾತ್ರಿಯಿಡೀ ಬೆಚ್ಚಗೆ ಮಲಗುತ್ತಿತ್ತು. ಎಣಿಸುವಾಗ ಅಪ್ಪಯ್ಯನ ತುಟಿ ಅಲ್ಲಾಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಲೆಕ್ಕ ಹೊಂದಿದರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಹೊಂದದಿದ್ದರೆ ಮತ್ತೆ ಮೊದಲಿನಿಂದ. ಒಮ್ಮೆ ಎಂಟು ರೂಪಾಯಿ ಹೆಚ್ಚಿಗೆ ಬಂದು, ಅದು ಯಾರದ್ದೆಂದು ಗೊತ್ತಾಗದೆ ಅವರು ಎರಡು ರಾತ್ರಿ ಸರಿಯಾಗಿ ಮಲಗಲಿಲ್ಲ ಎಂಬುದನ್ನು ನಾನು ನನ್ನ ಕಚೇರಿಯ ಕಿರಿಯರಿಗೆ ಈಗಲೂ ಹೇಳುತ್ತಿರುತ್ತೇನೆ, ಅವರು ನಗುತ್ತಾರೆ.

ಬಂದರಿನಲ್ಲಿ ಬೋಟುಗಳು ಒಂದರ ಹೆಗಲಿಗೆ ಒಂದು ತಾಗಿಕೊಂಡು ಸಾಲಾಗಿ ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮೀನು ಮರಿ ಮಾಡುವ ಕಾಲವೆಂದು ಸರಕಾರದ ನಿಷೇಧ. ಕಡಲು ಶಾಂತವಿದ್ದಾಗ ನಾಡದೋಣಿಗಳು ಮಾತ್ರ ಇಳಿಯುತ್ತವೆ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲೆಂದು ಬಂದ ಪ್ರವಾಸಿಗರ ಒಂದು ಗುಂಪು, ಮಳೆಗಾಲದಲ್ಲಿ ಅಲ್ಲಿಗೆ ಬೋಟು ಬಿಡುವುದಿಲ್ಲವೆಂದು ತಿಳಿದು, ಕೊಡೆಯ ಕೆಳಗೆ ಕಡಲಿನ ಫೋಟೋ ತೆಗೆಯುತ್ತಿತ್ತು. ಶೆಡ್ಡುಗಳಲ್ಲಿ ಬಲೆ ಸರಿಪಡಿಸುವ ಕೆಲಸ ನಡೆದಿತ್ತು. ಆಗಸ್ಟಿಗೆ ಇನ್ನು ಎಂಟೇ ದಿನವಾದ್ದರಿಂದ ಎಂಜಿನ್ನಿನ ಕೆಲಸದವರು, ಬಣ್ಣದವರು, ಹಗ್ಗದ ಅಂಗಡಿಯವರು ಎಲ್ಲರಿಗೂ ಅವಸರ. ಆದರೆ ಮಂಜುಗಡ್ಡೆಯ ಕಾರ್ಖಾನೆಗಳು ಇನ್ನೂ ತಣ್ಣಗಿದ್ದವು; ಬೋಟು ನಡೆಸುವ ತಂಡೇಲರು, ಅದರಲ್ಲಿ ದುಡಿಯುವ ಕಲಾಸಿಗಳು ಚಾದ ಅಂಗಡಿಯಲ್ಲಿ ಕೂತು ಗಾಳಿಯ ದಿಕ್ಕಿನ ಬಗ್ಗೆ ಮಾತಾಡುತ್ತಿದ್ದರು.

ಈ ಎರಡು ತಿಂಗಳು ಪಿಗ್ಮಿ ಕಲೆಕ್ಟರನ ಪಾಲಿಗೂ ಆಟಿಯೇ. ಬೋಟು ಇಳಿಯದಿದ್ದರೆ ಮೀನಿಲ್ಲ, ಮೀನಿಲ್ಲದಿದ್ದರೆ ಹೊರುವವರಿಗೆ, ಮಾರುವವರಿಗೆ, ಚಾದ ಅಂಗಡಿಗೆ ದುಡ್ಡಿಲ್ಲ, ದುಡ್ಡಿಲ್ಲದಿದ್ದರೆ ಪಿಗ್ಮಿಯೂ ಇಲ್ಲ, ಕಮಿಷನ್ನೂ ಇಲ್ಲ. ನಮ್ಮ ಮನೆಯಲ್ಲಿ ಜೂನ್, ಜುಲೈ ತಿಂಗಳಲ್ಲಿ ಹಲಸಿನ ಬೀಜವೂ ಕೆಸುವಿನ ಎಲೆಯೂ ಯಾಕೆ ಅಷ್ಟೊಂದು ಬೇಯುತ್ತಿದ್ದವೆಂಬುದರ ಲೆಕ್ಕ ನನಗೆ ಹೊಂದಿದ್ದು ಆ ಬಂದರಿನಲ್ಲಿ ನಿಂತಾಗ. ಅವರು ಮಾತ್ರ ಆ ದಿನಗಳಲ್ಲೂ ಮಲ್ಪೆಗೆ ಹೋಗುವುದನ್ನು ತಪ್ಪಿಸುತ್ತಿರಲಿಲ್ಲ.

ಹುಡುಗ ಹಗ್ಗದ ಅಂಗಡಿ, ಡೀಸೆಲಿನ ಬಂಕು, ಎರಡು ಕ್ಯಾಂಟೀನುಗಳ ಮುಂದೆ ನಿಂತ. ನಾನು ಹೇಳಿಕೆ ಕೊಟ್ಟೆ. ಒಣಮೀನು ಮಾರುವ ಹೆಂಗಸರ ಸಾಲನ್ನು ಮಾತ್ರ ಅವನು ನಿಲ್ಲದೆ, ಆ ಕಡೆ ನೋಡಲೂ ನೋಡದೆ ದಾಟಿದ. ಹಿಂದಿನಿಂದ ಒಬ್ಬರು ತಾವಾಗಿಯೇ ಕರೆದರು. ಎಪ್ಪತ್ತು ದಾಟಿದ ಮುಖ, ಮುಡಿಯಲ್ಲಿ ಬಾಡಿದ ಮಲ್ಲಿಗೆಯ ತುಂಡು.

"ನೀನು ಪಿಗ್ಮಿಯಣ್ಣನ ಮಗಳಲ್ಲವಾ? ಮೂಗು ನೋಡಿಯೇ ಗೊತ್ತಾಯಿತು. ನನಗೆ ಹೇಳಿಕೆ ಇಲ್ಲವಾ?"

ಹುಡುಗ ದೂರದಲ್ಲಿ ಬೋಟುಗಳನ್ನು ಎಣಿಸುವವನಂತೆ ನಿಂತುಬಿಟ್ಟ. ನಾನು ಅವರ ಪಕ್ಕದ ಪ್ಲಾಸ್ಟಿಕ್ ಬುಟ್ಟಿಯನ್ನು ಬೋರಲು ಹಾಕಿಕೊಂಡು ಕೂತೆ. ಅವರು ಮೂವತ್ತು ವರ್ಷ ಪಿಗ್ಮಿ ಕಟ್ಟಿದ್ದರು. ಗಂಡನಿಗೆ ಗೊತ್ತಿರಲಿಲ್ಲ, ಆಮೇಲೆ ಮಗನಿಗೂ ಗೊತ್ತಿರಲಿಲ್ಲ. ಗಂಡ ಇದ್ದಾಗ ಅವನ ಎದುರಿಗೇ ಅಪ್ಪಯ್ಯ ಹಾದುಹೋಗುತ್ತಿದ್ದರು, ಒಂದು ದಿನವೂ ಇವರ ಮುಖ ನೋಡಿ ನಗಲಿಲ್ಲ. ಹಣ ಪಡೆಯುತ್ತಿದ್ದುದು ನೀರಿನ ನಲ್ಲಿಯ ಹತ್ತಿರ. ಕಾರ್ಡು ಮನೆಗೆ ಒಯ್ಯುವಂತಿರಲಿಲ್ಲವಾದ್ದರಿಂದ ಪಕ್ಕದ ಚಾದ ಅಂಗಡಿಯಾಕೆಯ ಅಕ್ಕಿ ಡಬ್ಬಿಯಲ್ಲಿ ಅದು ಇರುತ್ತಿತ್ತು. ಎರಡು ಸಲ ಅವಧಿ ಮುಗಿದು ಬಂದ ಹಣದಲ್ಲಿ ಮಗಳ ಮದುವೆಯ ಬಂಗಾರವೂ ಮನೆಯ ಹಂಚೂ ಆದವು.

ಬೋಟಿಗೆ ರಜೆಯಿರುವಾಗ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ಏನು ಮಾಡುವುದು, ಕೊಡಲಿಕ್ಕೆ ಇರಲಿಲ್ಲ. ಆದರೂ ಬರುತ್ತಿದ್ದರು. ನಲ್ಲಿಯ ಹತ್ತಿರ ನಿಂತು ಕೊಡೆ ಮಡಚಿ ನೀರು ಕೊಡವುತ್ತಿದ್ದರು. ನಾನು ತಲೆ ಅಲ್ಲಾಡಿಸಿದರೆ ಹೋಗುತ್ತಿದ್ದರು. ದಿನಾ ಹಾಗೆಯೇ." ಇಲ್ಲವೆಂದು ಗೊತ್ತಿದ್ದೂ ಯಾಕೆ ಬರುತ್ತಿದ್ದರೆಂದು ಕೇಳಿದಾಗ, ಅವರು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿ, "ಬಾರದಿದ್ದರೆ ನನಗೆ ಅಭ್ಯಾಸ ತಪ್ಪುವುದಿಲ್ಲವಾ?" ಎಂದರು.

ಇಂಥ ನೆನಪುಗಳಲ್ಲಿ ಸಾಮಾನ್ಯವಾಗಿ ಒಂದು ಮಾತು ಬರುತ್ತದೆ. ಅದನ್ನು ಹಿಂದಿನ ದಿನ ಒಂದು ಅಂಗಡಿಯಲ್ಲಿ ಕೇಳಿಯೂ ಇದ್ದೆ. ಬಡವರ ಕಂತು ತಪ್ಪಿದಾಗ ಅಪ್ಪಯ್ಯ ತಮ್ಮ ಜೇಬಿನಿಂದ ಹಾಕಿ ಖಾತೆ ಉಳಿಸುತ್ತಿದ್ದರು ಎಂಬುದು ಆ ಮಾತು. ಕೇಳಲು ಚಂದವಾಗಿದ್ದರೂ ಲೆಕ್ಕದವಳಾದ ನನಗೆ ಅದು ಒಪ್ಪಿಗೆಯಾಗಿರಲಿಲ್ಲ. ಮೀನಿನ ಅಮ್ಮನನ್ನು ಕೇಳಿಯೇಬಿಟ್ಟೆ. ಅವರು ಜೋರಾಗಿ ನಕ್ಕರು. ಒಮ್ಮೆ ಇವರೇ ಹಾಗೆ ಬೇಡಿಕೊಂಡಿದ್ದರಂತೆ: ಹತ್ತು ದಿನದ್ದು ನೀವು ಹಾಕಿ, ಆಗಸ್ಟಿನಲ್ಲಿ ಕೊಡುತ್ತೇನೆ ಎಂದು. "ನನ್ನ ಹಣ ನಿಮ್ಮ ಕಾರ್ಡಿಗೆ ಬೀಳಬಾರದು, ಎಂದರು. ಅಷ್ಟು ವರ್ಷದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು." ಹೊರಡುವಾಗ ಒಣಸಿಗಡಿಯ ಒಂದು ಕಟ್ಟು ಕೊಡಲು ಬಂದು, ನಮ್ಮ ಮನೆಯ ನೆನಪಾಗಿ ಕೈ ಹಿಂದಕ್ಕೆಳೆದು, ಮುಡಿಯ ಮಲ್ಲಿಗೆಯಲ್ಲೇ ಅರ್ಧ ಹರಿದು ಕೊಟ್ಟರು.

ರಥಬೀದಿಯವರು ಸಮಯವನ್ನು ಮಾತ್ರ ಯಾಕೆ ನೆನಪಿಟ್ಟುಕೊಂಡಿದ್ದರೆಂದು ಹಿಂದಿರುಗುವ ದಾರಿಯಲ್ಲಿ ಅರ್ಥವಾಗತೊಡಗಿತು. ಪೇಟೆಯ ನೂರಿಪ್ಪತ್ತು ಕುಟುಂಬಗಳ ದಿನದ ಗಳಿಕೆ ಎಷ್ಟೆಂದು ಪ್ರತಿ ಸಂಜೆ ಬಲ್ಲವನು ಹರಟೆಗೆ ಕೂರುವಂತಿಲ್ಲ. ಹವೆಯ ಬಗ್ಗೆ ಮಾತಾಡಿದರೂ ಅದು ವ್ಯಾಪಾರದ ಮಾತಿಗೆ ತಿರುಗುತ್ತದೆ, ವ್ಯಾಪಾರದ ಮಾತು ಪಕ್ಕದ ಅಂಗಡಿಗೆ. ನಾವು ಅವರ ಸ್ವಭಾವವೆಂದುಕೊಂಡದ್ದರಲ್ಲಿ ಎಷ್ಟು ಪಾಲು ಕಸುಬಿನದ್ದು, ಎಷ್ಟು ಪಾಲು ಹುಟ್ಟಿನದ್ದು ಎಂದು ಈಗ ಬೇರ್ಪಡಿಸುವುದು ಸಾಧ್ಯವಿಲ್ಲ.

ಜುಲೈ 24, ಗುರುವಾರ

ಆಟಿ ಅಮಾವಾಸ್ಯೆ. ಸೂರ್ಯ ಹುಟ್ಟುವ ಮೊದಲೇ ಪಕ್ಕದ ಮನೆಯವರು ಹಾಲೆ ಮರದ ತೊಗಟೆ ತಂದುಕೊಟ್ಟರು. ಲೋಹ ತಾಗಿಸದೆ, ಕಲ್ಲಿನಿಂದ ಜಜ್ಜಿ ತೆಗೆಯಬೇಕೆಂಬ ಕ್ರಮ. ಕರಿಮೆಣಸು, ಬೆಳ್ಳುಳ್ಳಿ ಹಾಕಿದ ಕಹಿ ಕಷಾಯವನ್ನು ಖಾಲಿ ಹೊಟ್ಟೆಯಲ್ಲಿ ಕುಡಿದು, ಮೇಲೆ ಮೆಂತೆಯ ಗಂಜಿ ಉಂಡೆವು. ಕಳೆದ ವರ್ಷ ಇದೇ ಹಬ್ಬದ ಬೆಳಿಗ್ಗೆ ಅಪ್ಪಯ್ಯ ಆ ಕಷಾಯವನ್ನು ಒಂದೇ ಗುಟುಕಿಗೆ ಕುಡಿದು ಮುಖ ಕಿವಿಚದೆ ಲೋಟ ಕೆಳಗಿಟ್ಟಿದ್ದರು ಎಂದು ಅಮ್ಮ ಹೇಳಿದರು.

ಈ ದಿನ ತೆಂಕಪೇಟೆಯ ಸರದಿ. ಅಲ್ಲಿ ಈಗ ಮೊಬೈಲು ಮಾರುವ ಒಂದು ಅಂಗಡಿಯ ಮುಂದೆ ನಾನು ಹುಡುಗನಿಗಿಂತ ಮೊದಲೇ ನಿಂತೆ. 1993ರ ವೇಳೆಗೆ ಅದು ಜವಳಿ ಅಂಗಡಿಯಾಗಿತ್ತು. ಅದರ ಯಜಮಾನರು ನನ್ನ ಸೋದರಮಾವನ ಗೆಳೆಯರು. ಅವರು ಮಾವನಲ್ಲಿ ನಲ್ವತ್ತು ಸಾವಿರ ರೂಪಾಯಿ ಸಾಲ ಕೇಳಿದ್ದರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಮಾವ ಒಂದು ಭಾನುವಾರ ನಮ್ಮ ಮನೆಗೆ ಬಂದು ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, "ಭಾವ, ನೀವು ದಿನಾ ಆ ಅಂಗಡಿಗೆ ಹೋಗುವವರು. ಕೊಡಬಹುದಾ?" ಎಂದು ಕೇಳಿದರು. ನಾನು ಆಗ ಐದನೆಯ ತರಗತಿ, ಬಾಗಿಲ ಪಕ್ಕ ಕೂತಿದ್ದೆ. ಅಪ್ಪಯ್ಯ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. "ಅದು ನನಗೆ ಹೇಳಲಿಕ್ಕೆ ಬರುವುದಿಲ್ಲ" ಎಂದರು. ಮಾವ ಅದನ್ನು "ಗೊತ್ತಿಲ್ಲ" ಎಂದು ತಿಳಿದುಕೊಂಡು ಹಣ ಕೊಟ್ಟರು. ನಾಲ್ಕೇ ತಿಂಗಳಲ್ಲಿ ಅಂಗಡಿಗೆ ಬೀಗ ಬಿತ್ತು. ಆ ಯಜಮಾನರ ಪಿಗ್ಮಿ ದಿನಕ್ಕೆ ನೂರರಿಂದ ಇಪ್ಪತ್ತಕ್ಕಿಳಿದು ನಿಂತೇಹೋಗಿದ್ದು ಅಪ್ಪಯ್ಯನಿಗೆ ಮೊದಲೇ ತಿಳಿದಿತ್ತೆಂದು ಬೇರೆ ಯಾರಿಂದಲೋ ಮಾವನ ಕಿವಿಗೆ ಬಿದ್ದಾಗ, ಅವರು ನಮ್ಮ ಮನೆಯ ಮೆಟ್ಟಿಲು ಹತ್ತುವುದನ್ನು ಬಿಟ್ಟರು. ಒಂಬತ್ತು ವರ್ಷ ಬಿಟ್ಟರು. ಒಬ್ಬನೇ ತಮ್ಮನಿದ್ದ ಅಮ್ಮ ಆ ಒಂಬತ್ತು ವರ್ಷವೂ ಚೌತಿಯ ದಿನ ಒಂದು ಎಲೆ ಹೆಚ್ಚಿಗೆ ಹಾಸಿ, ಆಮೇಲೆ ತೆಗೆಯುತ್ತಿದ್ದರು.

ಈ ವಿಷಯದಲ್ಲಿ ನಾನು ಅಪ್ಪಯ್ಯನ ಪರವಾಗಿ ಪೂರ್ತಿ ನಿಂತವಳಲ್ಲ. ಬಾಯಿಬಿಟ್ಟು ಅಂಕಿ ಹೇಳಬೇಕಾಗಿರಲಿಲ್ಲ. "ಸ್ವಲ್ಪ ಯೋಚನೆ ಮಾಡು" ಎಂಬ ಮೂರು ಶಬ್ದ ಸಾಕಿತ್ತು. ಕಾಲೇಜಿನಲ್ಲಿದ್ದಾಗ ಒಮ್ಮೆ ಇದನ್ನು ಅವರಿಗೇ ಹೇಳಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗೆ ಹೇಳಿದ್ದರೆ ಅದೂ ಹೇಳಿದ ಹಾಗೆಯೇ ಅಲ್ಲವಾ" ಎಂದಿದ್ದರು. ಲೆಕ್ಕಪರಿಶೋಧಕಳಾಗಿ ಅದನ್ನು ಒಪ್ಪುತ್ತೇನೆ. ಚೌತಿಯ ಆ ಎಲೆಯನ್ನು ಕಂಡವಳಾಗಿ ಇಂದಿಗೂ ಒಪ್ಪಲಾರೆ.

ಬಡಗುಪೇಟೆ, ಸರ್ವಿಸ್ ಬಸ್ ನಿಲ್ದಾಣ ಮುಗಿಸಿ ಮನೆಗೆ ಬಂದಾಗ ಅಣ್ಣ ಬಂದಿದ್ದ.

ಜುಲೈ 25, ಶುಕ್ರವಾರ

ಕರ್ಮಗಳು 12 ಗಂಟೆಯೊಳಗೆ ಮುಗಿದವು. ಊಟಕ್ಕೆ ಅರುವತ್ತು ಜನ ಬಂದಾರೆಂದು ಅಮ್ಮ ಅಂದಾಜು ಮಾಡಿದ್ದರು. ನೂರ ಹತ್ತು ಜನ ಬಂದರು. ಅಡುಗೆಯವರು ಎರಡನೆಯ ಪಂಕ್ತಿಗೆ ಮತ್ತೊಮ್ಮೆ ಅನ್ನ ಇಟ್ಟರು. ಅಂಗಡಿಯವರು ಒಟ್ಟಿಗೆ ಬಾರದೆ, ಒಬ್ಬರ ಹಿಂದೊಬ್ಬರು, ತಮ್ಮತಮ್ಮ ಅಂಗಡಿಗೆ ಅಪ್ಪಯ್ಯ ಬರುತ್ತಿದ್ದಂತೆಯೇ ಬಿಡಿಬಿಡಿಯಾಗಿ ಬಂದರು. ಮೀನಿನ ಅಮ್ಮ ಮಗನೊಡನೆ ಬಂದಿದ್ದರು. ಇವರು ನಿಮಗೆ ಹೇಗೆ ಪರಿಚಯವೆಂದು ಮಗ ಕೇಳಿದ್ದಕ್ಕೆ ನಾನು "ಮಲ್ಪೆಯ ಕಡೆಯವರೆಲ್ಲ ಅಪ್ಪಯ್ಯನಿಗೆ ಪರಿಚಯ" ಎಂದು ಜಾರಿಕೊಂಡೆ. ಹಾಗೆಂದ ಮೇಲೆ ನಾನೂ ಕನ್ನಡಕ ತೆಗೆದು ಒರೆಸುತ್ತಿರುವುದನ್ನು ಅಣ್ಣ ನೋಡಿ ನಕ್ಕ.

ಮಾವ ಕೊನೆಯ ಪಂಕ್ತಿಗೆ ಕೂತರು. ಅವರಿಗೀಗ ವಯಸ್ಸಾಗಿದೆ, ಕಾಲು ಮಡಚಲಾಗದೆ ಕುರ್ಚಿ ಮೇಜು. 2002ರಲ್ಲಿ ಅಜ್ಜಿಯ ಉತ್ತರಕ್ರಿಯೆಯಲ್ಲಿ ಮಾತು ಮತ್ತೆ ಆರಂಭವಾಗಿತ್ತಾದರೂ ನಲ್ವತ್ತು ಸಾವಿರದ ವಿಷಯವನ್ನು ಇಬ್ಬರೂ ಎಂದೂ ಎತ್ತಿರಲಿಲ್ಲ. ಪಾಯಸ ಎರಡನೆಯ ಸಲ ಹಾಕಿಸಿಕೊಂಡು, ಬಡಿಸುತ್ತಿದ್ದ ನನ್ನನ್ನೂ ಹಿಂದೆ ನಿಂತಿದ್ದ ಅಮ್ಮನನ್ನೂ ಉದ್ದೇಶಿಸಿ, ಯಾವುದೋ ಬೇರೆ ಮಾತಿನ ಮುಂದುವರಿಕೆಯಂತೆ ಅವರು ಹೇಳಿದರು: "ನಾನೂ ಭಾವನಲ್ಲಿ ಪಿಗ್ಮಿ ಕಟ್ಟುತ್ತಿದ್ದೆ. ಗೊತ್ತುಂಟಾ?"

ಅಮ್ಮನಿಗೆ ಗೊತ್ತಿರಲಿಲ್ಲ. ಯಾವಾಗಿನಿಂದ ಎಂದು ಕೇಳಿದರು.

"ತೊಂಬತ್ತೇಳರಿಂದ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅದು ಮಾವ ನಮ್ಮ ಮನೆಗೆ ಬಾರದಿದ್ದ ವರ್ಷಗಳ ನಡುವಿನದ್ದು. ಆಗ ಮಾವನ ಕೈ ತೀರಾ ಕಟ್ಟಿಹೋಗಿತ್ತಂತೆ. ಆಗಿನ ಸ್ಥಿತಿ ಹೆಂಡತಿಗೂ ಪೇಟೆಗೂ ತಿಳಿಯದಂತೆ ದಿನಕ್ಕೆ ಹತ್ತು ರೂಪಾಯಿ ಎತ್ತಿಡಬೇಕಾಗಿತ್ತು. ಹತ್ತೇ ರೂಪಾಯಿ ಕಟ್ಟುವವನು ಎಂದು ಬೇರೆ ಯಾವ ಕಲೆಕ್ಟರನಿಂದಲಾದರೂ ಹೊರಬಿದ್ದೀತು. "ಒಬ್ಬನ ಬಾಯಿ ಮಾತ್ರ ತೆರೆಯುವುದಿಲ್ಲ ಎಂದು ನಲ್ವತ್ತು ಸಾವಿರ ಕೊಟ್ಟು ತಿಳಿದುಕೊಂಡಿದ್ದೆನಲ್ಲ" ಎಂದು ಮಾವ ಎಲೆಯ ಅಂಚಿನ ಉಪ್ಪಿನಕಾಯಿಯನ್ನು ಬದಿಗೆ ಸರಿಸಿದರು. ಅಪ್ಪಯ್ಯ ಪ್ರತಿದಿನ ಮಾವನ ಅಂಗಡಿಗೆ ಹೋಗುತ್ತಿದ್ದರು, ಹಣ ಪಡೆದು ಸಹಿ ಹಾಕಿ ಬರುತ್ತಿದ್ದರು. ಐದು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ರಾತ್ರಿ ಆ ಹತ್ತು ರೂಪಾಯಿ ನಮ್ಮ ಚಾವಡಿಯ ಬೆಡ್‌ಶೀಟಿನ ಮೇಲೆ ಬೀಳುತ್ತಿತ್ತು, ನಾನೋ ಅಣ್ಣನೋ ಅದರ ಮೂಲೆ ಬಿಡಿಸುತ್ತಿದ್ದೆವು, ಒಳಗೆ ಅಮ್ಮ ತಮ್ಮನಿಗಾಗಿ ಕಣ್ಣೀರು ಹಾಕುತ್ತಿದ್ದರು.

"ಆದರೂ ಅಂದು ಒಂದು ಮಾತು ಹೇಳಬಹುದಿತ್ತು" ಎಂದು ಸೇರಿಸಿ ಮಾವ ಮಜ್ಜಿಗೆ ಕೇಳಿದರು. ಅಮ್ಮ ತಾವೇ ತಂದು ಬಡಿಸಿದರು.

ಜುಲೈ 26, ಶನಿವಾರ

ಹಗಲೆಲ್ಲ ಪಾತ್ರೆ, ಕುರ್ಚಿ, ಶಾಮಿಯಾನ ಹಿಂತಿರುಗಿಸುವುದರಲ್ಲೇ ಹೋಯಿತು. ಮಧ್ಯಾಹ್ನ ಒಂದು ಗಳಿಗೆ ಬಿಡುವು ಸಿಕ್ಕಾಗ ಪೇಟೆಗೆ ಹೋಗಿ, ಅಪ್ಪಯ್ಯ ಬೆಳಿಗ್ಗೆ ಹಣ ಕಟ್ಟುತ್ತಿದ್ದ ಶಾಖೆಯ ಎದುರು ನಿಂತು ಬಂದೆ. ಕೆನರಾ ಮತ್ತು ಕಾರ್ಪೊರೇಶನ್ 1906ರಲ್ಲಿ, ಕರ್ಣಾಟಕ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಹೀಗೆ ಈ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಐದು ದೊಡ್ಡ ಬ್ಯಾಂಕುಗಳಲ್ಲಿ ಮೂರರ ಹೆಸರುಗಳು 2019 ಮತ್ತು 2020ರ ವಿಲೀನಗಳಲ್ಲಿ ಬೋರ್ಡಿನಿಂದ ಇಳಿದವು. ಉಡುಪಿಯ ಹಳಬರು ಮಾತ್ರ ದಾರಿ ಹೇಳುವಾಗ ಇನ್ನೂ ಹಳೆಯ ಹೆಸರನ್ನೇ ಹೇಳುತ್ತಾರೆ.

ರಾತ್ರಿಯ ರೈಲಿಗೆ ಹೊರಡಲು ಚೀಲ ಕಟ್ಟುತ್ತಿದ್ದಾಗ ಅಂಗಳದಲ್ಲಿ ಕೊಡೆ ಕೊಡವುವ ಸದ್ದಾಯಿತು. ಏಳು ಗಂಟೆ ಹೊಡೆದಿತ್ತು. ಪಿಗ್ಮಿಯ ಹುಡುಗ. ನನ್ನನ್ನು ಬೀಳ್ಕೊಡಲು ಬಂದಿರಬೇಕೆಂದು ನಾನು ಮುಂದೆ ಹೋದರೆ, ಅವನು ನನ್ನನ್ನು ದಾಟಿ ಅಮ್ಮನ ಕಡೆ ನೋಡಿದ. ಅಮ್ಮ ದೇವರ ಕೋಣೆಯ ಗೂಡಿನಿಂದ ಒಂದು ಕಾರ್ಡನ್ನೂ ಮಡಚಿದ ಒಂದು ನೋಟನ್ನೂ ತಂದುಕೊಟ್ಟರು. ಯಂತ್ರ ಕಿರಗುಟ್ಟಿ ಒಂದು ಚೀಟಿಯನ್ನು ಹೊರಹಾಕಿತು. ಅಪ್ಪಯ್ಯ ಇದ್ದಾಗಲೂ ಕಟ್ಟುತ್ತಿದ್ದಿರಾ, ಅವರಿಗೆ ಗೊತ್ತಿತ್ತಾ, ಎಷ್ಟು ವರ್ಷವಾಯಿತು ಎಂದೆಲ್ಲ ನಾನು ಕೇಳುತ್ತಲೇ ಇದ್ದೆ. ಹುಡುಗ ಮಳೆಯನ್ನು ನೋಡುತ್ತಾ ನಿಂತ.

ಮೇಜಿನ ಮೇಲಿದ್ದ ಕಾರ್ಡಿನತ್ತ ನಾನು ಬಗ್ಗಿದೊಡನೆ ಅಮ್ಮ ಅದನ್ನು ಮಗುಚಿ ಹಾಕಿ, ಮೇಲೆ ಅಂಗೈ ಇಟ್ಟು, "ರೈಲಿಗೆ ಹೊತ್ತಾಯಿತು, ಹೊರಡು" ಎಂದರು.